ಹಾಡುವವರಿಲ್ಲದ ಚರಣ

ಪೆರುವಿನ ಲಿಮಾ ನಗರದ ಬೂದು ಮಧ್ಯಾಹ್ನವೊಂದರಲ್ಲಿ ಎಲ್ಮರ್ ತಾನು ಕೋಣೆಯ ಬೀರುವಿನೊಳಗೆ ಮೈಕು ಇಟ್ಟು, ಕಂಬಳಿ ಹೊದಿಸಿ ಧ್ವನಿಮುದ್ರಿಸಿದ, ಕತ್ತಲೆ ಕವಿದಂಥ ಗಾಥಿಕ್ ರಾಕ್ ಹಾಡುಗಳನ್ನು ಚಿಕ್ಕಮ್ಮ ಸೊರೈದಾಳಿಗೆ ಕೇಳಿಸಿದ. ಅವನ ತಂಡದ ಗಾಯಕಿ ನೆಲಿದಾ ಚಿಲಿಗೆ ಹೋದವಳು ಅಲ್ಲೇ ಮದುವೆಯಾಗಿ ನಿಂತಿದ್ದಳು. ಹಾಗಾಗಿ ಇದು ಬರೀ ವಾದ್ಯಗಳ ಧ್ವನಿಮುದ್ರಿಕೆ, ಇದರಲ್ಲಿ ಯಾರ ದನಿಯೂ ಬೇಕಿಲ್ಲ ಎಂದು ಅವನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ.

ಚಿಕ್ಕಮ್ಮ ಬಟಾಣಿ ಸುಲಿಯುತ್ತಾ ಕಿವಿಗೊಟ್ಟಳು. ಡ್ರಮ್ ಯಂತ್ರ ಬಡಿಯಿತು, ಬೇಸ್ ಗಿಟಾರ್ ಗೊಣಗಿತು, ಎಲ್ಮರನ ಗಿಟಾರ್ ಚೀರಿ ಇದ್ದಕ್ಕಿದ್ದಂತೆ ತೆಪ್ಪಗಾಯಿತು. ಮುಂದಿನ ಹಾಡುಗಳಲ್ಲೂ ಹಾಗೆಯೇ ಆಯಿತು.

"ಯಾಕೋ, ಕರೆಂಟ್ ಹೋಯ್ತಾ?"

"ಇಲ್ಲ ಚಿಕ್ಕಮ್ಮ, ಅದು ಚರಣ."

"ಹಾಡೋರ್ಯಾರು, ನಿಮ್ಮಪ್ಪಾನಾ? ಎಲ್ಲಾ ಹಾಡಲ್ಲೂ ಇದೇ ಕಥೆ. ಆ ನೆಲಿದಾ ಬರ್ತಾಳೆ ಅಂತ ಸೀಟು ಹಿಡ್ಕೊಂಡು ಕೂತಿದ್ದೀಯಲ್ಲೋ, ಪೆದ್ದ!"

ಎಲ್ಮರ್ ನಗಲು ನೋಡಿದ. ನೆಲಿದಾ ಹಾಡಲು ಬಾಯಿ ತೆರೆದೊಡನೆ ಗಿಟಾರ್ ನಿಲ್ಲಿಸಿ ಹಿಂದೆ ಸರಿಯುವುದು ಅವನ ಕೈಗೆ ಅಂಟಿಹೋದ ಅಭ್ಯಾಸ. ಅವಳಿಲ್ಲದೆಯೂ ಅದು ನಡೆದಿದೆಯೆಂದು ಅವನಿಗೆ ಗೊತ್ತೇ ಆಗಿರಲಿಲ್ಲ.

ಚಿಕ್ಕಮ್ಮ ಅಡುಗೆಮನೆಗೆ ಹೋದ ಮೇಲೆ ಅವನು ಕೊನೆಯ ಹಾಡನ್ನು ಮತ್ತೆ ಹಾಕಿ, ಮೈಕು ಚಾಲೂ ಮಾಡಿ ಗಿಟಾರ್ ಎತ್ತಿಕೊಂಡ. ಚರಣ ಬಂದಾಗ ಬೆರಳುಗಳು ಮೊದಲು ತಾವಾಗಿಯೇ ಮೇಲೆದ್ದವು. ಅವನು ಅವನ್ನು ತಂತಿಗೆ ಒತ್ತಿ ಹಿಡಿದು, ಅವಳು ಹಾಡುತ್ತಿದ್ದ ರಾಗವನ್ನೇ ನುಡಿಸಿದ. ಅವಳು ಉಸಿರೆಳೆದುಕೊಳ್ಳುತ್ತಿದ್ದ ಕಡೆ ಮಾತ್ರ ಸ್ವಲ್ಪ ತಡೆದ.

ಚೆನ್ನಾಗಿಯೇ ಬಂತು. ಸಂಜೆಯೊಳಗೆ ಉಳಿದ ಹಾಡುಗಳ ಚರಣಗಳೂ ಹೀಗೆಯೇ ತುಂಬಿದವು. ಧ್ವನಿಮುದ್ರಣ ಮುಗಿಯಿತು. ಇನ್ನು ನೆಲಿದಾ ನಿಜವಾಗಿಯೂ ಬಾಗಿಲು ತಟ್ಟಿದರೆ, ಹಾಡಿನಲ್ಲಿ ಸೀಟು ಖಾಲಿಯಿರಲಿಲ್ಲ; ಅವಳಿಗೆ ಕಾಫಿ ಕೊಡಬಹುದಿತ್ತು, ಅಷ್ಟೇ.