ಅರ್ಧ ಬೋಳಾದ ಅಂಚು

“ಏನೋ ಉಮೇಶ, ಗದ್ದೆ ಅಂಚಿಗೂ ಕಟಿಂಗ್ ಮಾಡ್ಸಿದೀಯ? ನೋಡೋಕೆ ಯಾರಾದ್ರೂ ಬರ್ತಾರಾ?” ಎಂದ ಪಕ್ಕದ ಗದ್ದೆಯ ಬೆಳ್ಳಪ್ಪ.

ಬರುವವರಿದ್ದರು. ನಿಟ್ಟೂರಿನ ಕಡೆ, ಔಷಧ ಹೊಡೆಯದೆ ಬೆಳೆದ ಅಕ್ಕಿಯನ್ನು ಒಳ್ಳೇ ರೇಟಿಗೆ ಕೊಳ್ಳುವ ಸಂಘವೊಂದಿದೆ. ಸೇರಿಸಿಕೊಳ್ಳುವ ಮೊದಲು ಗದ್ದೆ ನೋಡುತ್ತಾರೆ. ಉಮೇಶನಿಗೆ ಈ ವರ್ಷವಾದರೂ ಸೇರಲೇಬೇಕಿತ್ತು. ಅದಕ್ಕೇ ಹಿಂದಿನ ದಿನ ಹುಲ್ಲು ಹೊಡೆಯುವ ಮಷಿನ್ ತಂದು ಅಂಚನ್ನೆಲ್ಲ ನುಣ್ಣಗೆ ಮಾಡಿದ್ದ. ಬೆಳ್ಳಪ್ಪನ ಗದ್ದೆಗೆ ತಾಗಿದ ಅಂಚಿನಲ್ಲಿ ಮಾತ್ರ ತನ್ನ ಪಾಲಿನ ಅರ್ಧ ಹೊಡೆದು, ಉಳಿದರ್ಧ ಮುಟ್ಟಿರಲಿಲ್ಲ. ನಾಳೆ ತಕರಾರು ಯಾರಿಗೆ ಬೇಕು?

ಸಂಘದ ಪ್ರತಿಮಾ ಬಂದಳು. ಮಣ್ಣು ನೋಡಿದಳು, ನೀರು ನೋಡಿದಳು, ಫೋನಿನಲ್ಲಿ ಮಾರ್ಕ್ಸ್ ಒತ್ತಿಕೊಂಡು ತಲೆದೂಗಿದಳು. ಅಂಚಿಗೆ ಬಂದವಳು ನಿಂತೇಬಿಟ್ಟಳು.

“ಇಲ್ಲಿ ಏನೇನು ಗಿಡ ಇತ್ತು ಉಮೇಶಣ್ಣ?”

“ಕಸ ಮೇಡಂ. ಎಲ್ಲ ಕ್ಲೀನ್ ಮಾಡಿದೀನಿ.”

“ನಮಗೆ ಬೇಕಿದ್ದಿದ್ದೇ ಅದು. ಅಂಚಲ್ಲಿ ಬಗೆಬಗೆ ಗಿಡ ಇದ್ರೆ ಮಾರ್ಕ್ಸ್. ಇದಕ್ಕೆ ಸೊನ್ನೆ ಹಾಕ್ಬೇಕಾಗುತ್ತೆ.”

ಅಷ್ಟರಲ್ಲಿ ಉಮೇಶನ ತಾಯಿ ದುರ್ಗಮ್ಮ ಖಾಲಿ ಬುಟ್ಟಿ ಹಿಡಿದು ಬಂದರು. ನಾಡಿದ್ದು ಭೂಮಿ ಹುಣ್ಣಿಮೆ. ಹೊಡೆ ತುಂಬಿ ಇನ್ನೇನು ತೆನೆ ಬಿಡಲಿರುವ ಗದ್ದೆಯನ್ನು ಬಸುರಿಯೆಂದು ಕರೆದು ಉಣ್ಣಿಸುವ ಹಬ್ಬ. ಆ ಅಡುಗೆಗೆ ಅಂಚಿನ ಸೊಪ್ಪೆಲ್ಲ ಕೂಡಬೇಕು.

“ಹಂಗ್ ಹೇಳು ತಂಗಿ. ನಿನ್ನ ಫೋನಿಗೂ ಸೊನ್ನೆ, ನನ್ನ ಬುಟ್ಟಿಗೂ ಸೊನ್ನೆ. ಬಸುರಿಗೆ ಬರೀ ಅನ್ನ ಹಾಕದಾ?”

“ನೋಡೋರಿಗೆ ಚಂದ ಕಾಣ್ಲಿ ಅಂತ ಅಲ್ವೇನವ್ವ,” ಎಂದ ಉಮೇಶ, ತಲೆ ಎತ್ತದೆ.

“ನನ್ನ ಅರ್ಧ ನೋಡಿ ಮೇಡಂ,” ಎಂದ ಬೆಳ್ಳಪ್ಪ. “ಸೊಂಟ ನೋವು ಅಂತ ಬಗ್ಗಿಲ್ಲ, ಅಷ್ಟೆ. ಅದಕ್ಕೂ ಮಾರ್ಕ್ಸ್ ಇದೆಯಾ?”

ಆ ಅರ್ಧದಲ್ಲಿ ಒಂದೆಲಗ, ಹೊನಗೊನೆ, ಮತ್ತೆ ಯಾರಿಗೂ ಹೆಸರು ಗೊತ್ತಿಲ್ಲದ ಗಿಡಗಳು ಒತ್ತೊತ್ತಾಗಿ ನಿಂತಿದ್ದವು. ಪ್ರತಿಮಾ ಕುಕ್ಕರಗಾಲಲ್ಲಿ ಕೂತು ಫೋಟೊ ತೆಗೆದಳು.

“ಇಲ್ಲಿ ಇಷ್ಟಿದ್ರೆ ಆ ಕಡೆನೂ ಬರುತ್ತೆ. ಕೊಯ್ಲಿಗೆ ಮುಂಚೆ ಇನ್ನೊಂದ್ ಸಲ ಬಂದು ನೋಡ್ತೀನಿ, ಬೆಳೆದಿದ್ರೆ ಸೇರಿಸ್ಕೊಳ್ತೀವಿ. ಮಷಿನ್ ಮಾತ್ರ ಮುಟ್ಬೇಡಿ ಅಣ್ಣ.”

“ಅದನ್ನ ನಾ ನೋಡ್ಕಳ್ತೀನಿ,” ಎಂದರು ದುರ್ಗಮ್ಮ. “ಬೆಳ್ಳಪ್ಪ, ಸೊಪ್ಪು ಕುಯ್ಕಳ್ಲೇನೋ?”

“ಕುಯ್ಕಳಿ ಅತ್ತೆ. ನನ್ನ ಸೊಂಟಕ್ಕೂ ಒಂದ್ ತುತ್ತು ಇಡಿ.”

ಹುಣ್ಣಿಮೆಯ ಬೆಳಗಿನ ಜಾವ ಉಮೇಶ ಸೊಪ್ಪಿನ ಅಡುಗೆಯನ್ನು ಗದ್ದೆಗೆ ಬೀರುತ್ತ ಬಂದ. ನಡುವಿನ ಅಂಚಿನ ಬೋಳು ಅರ್ಧದಲ್ಲಿ ಆಗಲೇ ಏನೋ ಹಸಿರು ಮೂತಿ ತೂರಿಸಿತ್ತು. ಕಾಲಿಡಲು ಹೋದವನು ಕೆಸರಿಗೇ ಇಳಿದು ನಡೆದ. ಬುಟ್ಟಿಯಲ್ಲಿ ಉಳಿದಿದ್ದ ಕೊನೆಯ ಹಿಡಿಯನ್ನು ಬೆಳ್ಳಪ್ಪನ ಗದ್ದೆಯ ಕಡೆಗೆ ಬೀರಿದ.