ಫಿಶ್ ಟ್ಯಾಂಕಿಗೆ ಕೆಂಪು ಚೀಟಿ

ಆಯುಧಪೂಜೆಗೆ ಮೂರೇ ದಿನ ಇದೆ ಅನ್ನುವಾಗ ನಮ್ಮ ಆಫೀಸಿನ ಫಿಶ್ ಟ್ಯಾಂಕು ಸೋರತೊಡಗಿತು.

ಪೀಣ್ಯ ಎರಡನೇ ಹಂತದಲ್ಲಿ ನಮ್ಮದು ಪೌಡರ್ ಕೋಟಿಂಗ್ ಕಾರ್ಖಾನೆ. ಕಬ್ಬಿಣದ ಸಾಮಾನಿಗೆ ಬಣ್ಣದ ಪುಡಿ ಹೊಡೆದು, ಓವನ್ನಿಗೆ ತಳ್ಳಿ, ಇನ್ನೂರು ಡಿಗ್ರಿಯಲ್ಲಿ ಹತ್ತು ನಿಮಿಷ ಬೇಯಿಸಿ ತೆಗೆದರೆ ಆ ಬಣ್ಣ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ವರ್ಷಗಟ್ಟಲೆ ಇದೇ ಕೆಲಸ ಮಾಡಿದವರಿಗೆ, ಲೋಕದಲ್ಲಿ ಒಣಗದ್ದು ಏನೇ ಇದ್ದರೂ ಓವನ್ನಿಗೆ ಹಾಕಿದರಾಯಿತು ಅನ್ನುವ ಕಾಯಿಲೆ ಅಂಟಿಕೊಳ್ಳುತ್ತದೆ. ನೆಂದ ಶೂ, ಒಗೆದ ಯೂನಿಫಾರ್ಮು, ಒಂದು ಸಲ ಯಾರದೋ ಮನೆಯ ಹಪ್ಪಳ ಕೂಡ ಅದರೊಳಗೆ ಹೋಗಿಬಂದಿದೆ.

ಮಾಲೀಕರು ಕೊಟ್ರಪ್ಪನವರು, ಹರಪನಹಳ್ಳಿ ಕಡೆಯವರು. ಈಶಾನ್ಯ ಮೂಲೆಯಲ್ಲಿ ನೀರಿರಬೇಕು ಎಂದು ವಾಸ್ತುವಿನವರು ಯಾರೋ ಹೇಳಿದ್ದಕ್ಕೆ ಐದಡಿ ಉದ್ದದ ಟ್ಯಾಂಕು ತಂದಿಟ್ಟರು. ತಂದಿಟ್ಟಿದ್ದು ಮಾತ್ರ ಅವರು. ಎರಡು ವರ್ಷದಿಂದ ಕಾಳು ಹಾಕಿ, ನೀರು ಬದಲಿಸಿ, ಒಂಬತ್ತು ಗೋಲ್ಡ್ ಫಿಶ್ಶನ್ನು ಬೆರಳುದ್ದದಿಂದ ಅಂಗೈಯಗಲಕ್ಕೆ ಬೆಳೆಸಿದವನು ಹನುಮೇಶ, ಅಂದರೆ ನಾನು. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಈ ಕಾರ್ಖಾನೆಗೆ ಸೇರುವ ಮೊದಲು ಪಾಪಯ್ಯ ಎಂಬ ಮೇಸ್ತ್ರಿಯ ಕೈಕೆಳಗೆ ಎರಡು ವರ್ಷ ಫಿಶ್ ಟ್ಯಾಂಕು ಕಟ್ಟಿದ್ದೇನೆ. ಆದರೆ ಅದು ಸರ್ಟಿಫಿಕೇಟು ಕೊಡುವ ಕೆಲಸವಲ್ಲವಲ್ಲ, ಹಾಗಾಗಿ ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಶನಿವಾರ ಕೊಟ್ರಪ್ಪನವರು ಒದ್ದೆ ನೆಲ ನೋಡಿ ಅಂದರು: "ಮಂಗಳವಾರ ಬೆಳಿಗ್ಗೆ ಪೂಜೆ. ಅಷ್ಟೊತ್ತಿಗೆ ಟ್ಯಾಂಕ್‌ನಾಗೆ ನೀರಿರಬೇಕು ನೋಡಪ್ಪ. ಆಗಲ್ಲ ಅಂದ್ರೆ ಈಗ್ಲೇ ಹೇಳು, ಟ್ಯಾಂಕ್ ಗುಜರಿಗೆ ಹಾಕಿ ಮೀನು ಯಾರಿಗಾರ ಕೊಟ್ಬಿಡಾಣ."

"ಮಾಡ್ತೀನಿ ಸಾರ್," ಅಂದುಬಿಟ್ಟೆ.

ನೀಲಿ ಡ್ರಮ್ಮಿಗೆ ಮೀನುಗಳನ್ನು ಸಾಗಿಸಿ, ಗಾಳಿ ಪಂಪು ಬಿಟ್ಟೆ. ಕಸ ಗುಡಿಸುವ ಸಿದ್ದಕ್ಕ ಬಗ್ಗಿ ನೋಡಿದಳು.

"ಡ್ರಮ್ಮಿನ್ಯಾಗ ಎಷ್ಟ್ ದಿನ ಇರ್ತಾವೋ ತಮ್ಮಾ?"

"ದಿನಾ ಅರ್ಧರ್ಧ ನೀರು ಬದಲಿಸಿದ್ರೆ ಹತ್ತು ದಿನ ತಳ್ಳಬೋದು ಅಕ್ಕ."

"ಮಂದಿಗೆ ಕೊಟ್ರ?"

"ಮಂದಿ ಒಯ್ದು ಗಾಜಿನ ಬುಡ್ಡಿಗೆ ಹಾಕ್ತಾರೆ. ಈ ಸೈಜ್ ಮೀನು ಅದ್ರಲ್ಲಿ ನಾಕು ದಿನ ಬದುಕಲ್ಲ."

"ಹಂಗಾರ ಕೊಡಬ್ಯಾಡ ಬಿಡು," ಅಂದಳು, ಕಾರ್ಖಾನೆ ತನ್ನದೇ ಎನ್ನುವಂತೆ.

ಭಾನುವಾರ ಬೆಳಿಗ್ಗೆ ಪರ್ಚೇಸ್ ನೋಡಿಕೊಳ್ಳುವ ಶಿವರಾಜ್ ಗಾಜಿನ ಸಂದಿಗೆ ಹಚ್ಚುವ ಸಿಲಿಕಾನ್ ಅಂಟಿನ ಒಂದು ಟ್ಯೂಬು ಹಿಡಿದು ಬಂದ. ಡಿಪ್ಲೊಮಾ ಮಾಡಿದವನು, ಇನ್ ಶರ್ಟು ಹಾಕುವವನು.

"ತಗೋ ಗುರು, ಟಾಪ್ ಕ್ವಾಲಿಟಿ. ಸ್ಟಾರ್ ಹೋಟ್ಲು ಬಾತ್‌ರೂಮಿಗೆಲ್ಲ ಇದೇ ಹಾಕೋದು. ಒಂಚೂರೂ ವಾಸ್ನೆ ಇಲ್ಲ, ಬೂಸ್ಟೂ ಹಿಡಿಯಲ್ಲ."

"ಬೂಸ್ಟು ಯಾಕೆ ಹಿಡಿಯಲ್ಲ?"

"ಆಂಟಿ ಫಂಗಲ್ ಸೇರ್ಸಿರ್ತಾರೆ ಕಣೋ."

"ಅಂದ್ರೆ ವಿಷ. ಬೂಸ್ಟು ಸಾಯಿಸೋದು ನೀರಿಗೆ ಬಿಟ್ಕೊಂಡ್ರೆ ಮೀನಿನ ಕಥೆ ಏನು?"

"ಏಯ್, ನಿನ್ಗೇನೋ ಗೊತ್ತು ಕೆಮಿಸ್ಟ್ರಿ?"

ಸಿಟ್ಟು ಬಂದು ಟ್ಯೂಬನ್ನು ಅವನ ಕೈಗೇ ವಾಪಸ್ ತುರುಕಿದೆ. "ನನ್ಗೆ ಕೆಮಿಸ್ಟ್ರಿ ಬರಲ್ಲ, ಇಂಗ್ಲಿಷೂ ಬರಲ್ಲ. ನಿನ್ಗೆ ಬರುತ್ತಲ್ಲ, ಟ್ಯೂಬ್ ಹಿಂದೆ ಸಣ್ಣಕ್ಷರದಲ್ಲಿ ಏನಿದೆ ಅಂತ ಓದು. ಜೋರಾಗಿ ಓದು, ಸಿದ್ದಕ್ಕನೂ ಕೇಳಿಸ್ಕೊಳ್ಲಿ."

ಅವನು ಟ್ಯೂಬು ತಿರುಗಿಸಿದ. ತುಟಿ ಅಲ್ಲಾಡಿಸಿದ. ಜೋರಾಗಿ ಮಾತ್ರ ಓದಲಿಲ್ಲ.

"ಏನಂತೋ?" ಎಂದಳು ಸಿದ್ದಕ್ಕ.

"ಅಕ್ವೇರಿಯಮ್ಗೆ ಬಳಸಬಾರ್ದು ಅಂತ ಇದೆ," ಎಂದು ಗೋಡೆಗೆ ಹೇಳುವವನಂತೆ ಹೇಳಿದ.

ನಾನೇ ಜಾಲಹಳ್ಳಿ ಕ್ರಾಸಿನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಬೇಕಾದದ್ದು ಅಪ್ಪಟ ಸಿಲಿಕಾನ್, ಬೂಸ್ಟಿನ ಔಷಧಿ ಬೆರೆಸದ್ದು, ಟ್ಯೂಬಿನ ಮೇಲೆ ಅಕ್ವೇರಿಯಂ ಅಂತಲೇ ಬರೆದಿರುವಂಥದ್ದು. ಗಾಜಿಗೆ ಹಿಡಿಯುವ ಆ ಜಾತಿಯ ಸಿಲಿಕಾನು ಹಸಿ ಇರುವಾಗ ಗೋಬಿ ಮಂಚೂರಿ ಗಾಡಿಯ ಹಾಗೆ ವಿನೆಗರ್ ವಾಸನೆ ಹೊಡೆಯುತ್ತದೆ. ಜನ ಮೂಗು ಮುಚ್ಚಿಕೊಂಡು ಇದೇ ವಿಷ ಅಂದುಕೊಳ್ಳುತ್ತಾರೆ. ಆ ಹುಳಿ ಹಾರಿಹೋದ ಮೇಲೆ ಅದರಷ್ಟು ಸಾಧು ಅಂಟು ಇನ್ನೊಂದಿಲ್ಲ. ಹಾಗಂತ ವಾಸನೆ ಒಂದನ್ನೇ ನಂಬುವಂತಿಲ್ಲ. ಹುಳಿ ವಾಸನೆಯ ಟ್ಯೂಬಿಗೂ ಔಷಧಿ ಬೆರೆಸಿ ಮಾರುವವರಿದ್ದಾರೆ. ಅದಕ್ಕೇ ಅಂಗಡಿಯವನ ಮಗಳ ಕೈಲಿ ಟ್ಯೂಬಿನ ಮೇಲಿನ ಪ್ರತಿ ಸಾಲು ಓದಿಸಿದೆ. ಬಿಲ್ಲು ಬರೆಯುವುದು ಬಿಟ್ಟು ಓದಿದಳು, ಪಾಪ.

ಹಳೇ ಸಿಲಿಕಾನಿನ ಮೇಲೆ ಹೊಸದು ಕೂರುವುದಿಲ್ಲ. ಒಳಗಿನ ಅಂಚುಗಳನ್ನೆಲ್ಲ ಬ್ಲೇಡಿನಲ್ಲಿ ಹೆರೆದು, ಮೆಡಿಕಲ್ ಶಾಪಿನ ಸ್ಪಿರಿಟ್ಟಿನಲ್ಲಿ ಒರೆಸುವಷ್ಟರಲ್ಲಿ ಸಂಜೆ ಐದಾಯಿತು. ಗನ್ನಿನಲ್ಲಿ ಸಿಲಿಕಾನು ಎಳೆದು, ಬೆರಳಲ್ಲಿ ನೇವರಿಸಿ ಕೂರಿಸಿದೆ. ಅಷ್ಟೇ ದಪ್ಪದ ಇನ್ನೊಂದು ಗೆರೆಯನ್ನು ಒಂದು ಗಾಜಿನ ಚೂರಿನ ಮೇಲೆ ಎಳೆದು ಪಕ್ಕದಲ್ಲಿಟ್ಟೆ. ಟ್ಯಾಂಕಿನಲ್ಲಿ ಒಳಗೆ ಎಷ್ಟು ಒಣಗಿದೆ ಎಂದು ಕೊಯ್ದು ನೋಡಲಾಗುವುದಿಲ್ಲ, ಚೂರಿನಲ್ಲಿ ನೋಡಬಹುದು. ಇದು ಪಾಪಯ್ಯನ ಪದ್ಧತಿ.

ಸೋಮವಾರ ಮಧ್ಯಾಹ್ನ ಊಟ ಮುಗಿಸಿ ಬಂದರೆ ಆಫೀಸಿನ ಮೂಲೆ ಖಾಲಿ!

ಓಡಿದೆ. ಟ್ಯಾಂಕು ಓವನ್ನಿನ ಟ್ರಾಲಿ ಮೇಲೆ ಕೂತಿತ್ತು. ನಾಲ್ಕು ಜನ ತಳ್ಳುತ್ತಿದ್ದರು. ಮುಂದೆ ಶಿವರಾಜ್, ಮದುವೆ ದಿಬ್ಬಣ ಕರೆತರುವವನ ಹಾಗೆ ಹಿಮ್ಮುಖವಾಗಿ ನಡೆಯುತ್ತ, "ಬರ್ಲಿ, ಬರ್ಲಿ, ನಿಧಾನ" ಎನ್ನುತ್ತಿದ್ದ. ನಾನು ಹೋಗಿ ಓವನ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಬೆನ್ನು ಕಾದ ಕಾವಲಿಗೆ ತಗುಲಿದಂತಾಗಿ ಒಂದು ಹೆಜ್ಜೆ ಈಚೆ ಬಂದೆ.

"ಯಾರ್ ಹೇಳಿದ್ದು ನಿಮ್ಗೆ? ಗಾಜು ಢಮಾರ್ ಅನ್ನುತ್ತೆ ಕಣ್ರೋ!"

"ಕಮ್ಮಿ ಟೆಂಪರೇಚರಲ್ಲಿ ಇಡ್ತೀವಿ ಮಗಾ," ಎಂದ ಶಿವರಾಜ್. "ನಾಳೆ ನೀರು ಬೇಕಂತೆ. ಬಣ್ಣವೇ ಹತ್ತು ನಿಮಿಷಕ್ಕೆ ಗಟ್ಟಿಯಾಗುತ್ತೆ, ಇದ್ಯಾವ ಲೆಕ್ಕ?"

"ಇದು ಬಣ್ಣ ಅಲ್ಲ! ಇದು ಗಟ್ಟಿಯಾಗೋದು ಗಾಳೀಲಿರೋ ತೇವ ಕುಡಿದು. ನೀನು ಒಣ ಬಿಸೀಲಿ ಬೇಯಿಸಿದ್ರೆ ಮೇಲೆ ಕೆನೆ ಕಟ್ಟುತ್ತೆ, ಒಳಗೆ ಹಸೀನೇ ಇರುತ್ತೆ."

"ತೇವ ಕುಡಿದು ಒಣಗುತ್ತಂತೆ!" ಟ್ರಾಲಿ ಹಿಡಿದಿದ್ದ ಮುತ್ತು ನಕ್ಕ. "ಹಂಗಾದ್ರೆ ನಮ್ ಲಗ್ಗೆರೆ ರೂಮಿನ ಗೋಡೆ ಈ ಹೊತ್ತಿಗೆ ಕಲ್ಲಾಗ್ಬೇಕಿತ್ತಲ್ಲೋ."

ನಗು ನನಗೂ ಬರುತ್ತಿತ್ತು, ಸಿಟ್ಟು ಬಿಡಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಬೈದು ಟ್ಯಾಂಕನ್ನು ವಾಪಸ್ ಹೊರಿಸಿದೆ. ಸಿದ್ದಕ್ಕ ಗೋಣಿಚೀಲ ನೆನೆಸಿ ತಂದಳು. ಗಾಜಿಗೆ ತಾಗದಂತೆ ಸುತ್ತಲೂ ಕುರ್ಚಿ ಇಟ್ಟು ಅವುಗಳ ಮೇಲೆ ಚೀಲ ಹರವಿದೆವು. ಒಣಗಿಸಲು ಒದ್ದೆ ಗೋಣಿ ಹಾಕಿದ್ದಾನೆ ಎಂದು ಪೂರ್ತಿ ಶಿಫ್ಟು ಬಂದು ನೋಡಿಕೊಂಡು ಹೋಯಿತು.

ಮಂಗಳವಾರ. ಓವನ್ನಿಗೆ ಬಾಳೆಕಂದು ಕಟ್ಟಿದ್ದರು, ಕಂಪ್ರೆಸರಿಗೆ ಸೇವಂತಿಗೆ ಹಾರ ಹಾಕಿದ್ದರು, ಸ್ಪ್ಯಾನರಿನಿಂದ ಹಿಡಿದು ಸಿಲಿಕಾನ್ ಗನ್ನಿನವರೆಗೆ ಎಲ್ಲಕ್ಕೂ ವಿಭೂತಿ ಬಳಿದಿದ್ದರು. ಪೂಜೆ ಮಾಡಿಸಲು ಬಂದ ಅಯ್ಯನವರು ಮಂಗಳಾರತಿ ತಟ್ಟೆ ಸಿದ್ಧ ಮಾಡುತ್ತಿದ್ದಾಗ ಕೊಟ್ರಪ್ಪನವರು ರೇಷ್ಮೆ ಪಂಚೆ ಎತ್ತಿ ಕಟ್ಟಿ, ಕೈಯಲ್ಲಿ ನೀರಿನ ಪೈಪು ಹಿಡಿದು ಬಂದರು.

"ಸರಿಯಪ್ಪ, ಬಿಡಾಣೇನು?"

"ಬೇಡ ಸಾರ್. ಇನ್ನೂ ಒಣಗಿಲ್ಲ."

"ಮುಟ್ಟಿದ್ರೆ ಅಂಟ್ತಿಲ್ವಲ್ಲೋ!"

"ಮೇಲೆ ಅಂಟಲ್ಲ ಸಾರ್, ಒಳಗೆ ಹಸಿ ಇದೆ. ಈಗ ನೀರು ಬಿಟ್ರೆ ಹುಳಿ ನೀರಿಗೆ ಇಳಿಯುತ್ತೆ, ಭಾರಕ್ಕೆ ಅಂಚೂ ಬಿಡುತ್ತೆ. ಮೀನು ಹಾಕಿದ್ರೆ ಸಾಯ್ತವೆ."

"ಮಾಡ್ತೀನಿ ಅಂದೋನು ನೀನೇ ಅಲ್ವೇನೋ?"

ಹೌದು, ನಾನೇ ಅಂದಿದ್ದೆ. ಗುಜರಿ ಅನ್ನುವ ಮಾತು ಕೇಳಿ ಹೆದರಿ, ಆಗದ ಮಾತು ಕೊಟ್ಟಿದ್ದೆ. ಈಗ ಅದನ್ನು ಒಪ್ಪಿಕೊಳ್ಳಲು ಇದ್ದ ಸಿಟ್ಟೆಲ್ಲ ಖರ್ಚಾಯಿತು. "ತಪ್ಪು ಹೇಳ್ದೆ ಸಾರ್. ಐದು ದಿನ ಬೇಕು ಅಂತ ಅವತ್ತೇ ಹೇಳ್ಬೇಕಿತ್ತು. ಬೇಕಾದ್ರೆ ನೀವೇ ಟೆಸ್ಟ್ ಮಾಡಿ." ಗಾಜಿನ ಚೂರನ್ನು ಅವರ ಮುಂದೆ ಹಿಡಿದೆ.

ನಮ್ಮಲ್ಲಿ ಪ್ರತಿ ಲಾಟಿನಿಂದ ಒಂದು ಪೀಸು ತೆಗೆದು, ಬಣ್ಣದ ಮೇಲೆ ಬ್ಲೇಡಿನಲ್ಲಿ ಚೌಕಳಿ ಗೀರಿ, ಟೇಪು ಅಂಟಿಸಿ ಕೀಳುತ್ತಾರೆ. ಬಣ್ಣ ಎದ್ದು ಬಂದರೆ ಇಡೀ ಲಾಟಿಗೆ ಕೆಂಪು ಚೀಟಿ. ಗೇಟು ದಾಟುವ ಹಾಗಿಲ್ಲ. ಒಂದು ಪೀಸಿಗಾಗಿ ಕೊಟ್ರಪ್ಪನವರು ತುಂಬಿದ ಲಾರಿ ಇಳಿಸಿದ್ದನ್ನು ನಾನೇ ಕಂಡಿದ್ದೇನೆ. ಅವರ ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಬ್ಲೇಡು ಇರುತ್ತದೆ. ಅವತ್ತು ರೇಷ್ಮೆ ಶರ್ಟಿನಲ್ಲೂ ಇತ್ತು. ಪೈಪನ್ನು ನನ್ನ ಕೈಗೆ ಕೊಟ್ಟು, ಕನ್ನಡಕ ಏರಿಸಿ ಸಿಲಿಕಾನ್ ಗೆರೆಯನ್ನು ಅಡ್ಡಕ್ಕೆ ಕೊಯ್ದರು. ಒಳಗಿನದು ಬೆರಳಿಗೆ ಅಂಟಿತು. ಮೂಸಿ ನೋಡಿ ಮುಖ ಹಿಂಡಿದರು.

"ಟೈಮಾಯ್ತು, ಬರ್ರಿ," ಎಂದು ಅಯ್ಯನವರು ಕೂಗಿದರು.

ಶಿವರಾಜ್ ಪಕ್ಕಕ್ಕೆ ಬಂದ. "ಸಾರ್, ಅರ್ಧ ಟ್ಯಾಂಕ್ ತುಂಬಿಸ್ಬಿಡಿ. ಪೂಜೆ ಆದ್ಮೇಲೆ ತೆಗೆದ್ರಾಯ್ತು."

ಕೊಟ್ರಪ್ಪನವರು ನಿಧಾನವಾಗಿ ಅವನ ಕಡೆ ತಿರುಗಿದರು. "ಫೇಲಾಗಿರೋ ಲಾಟನ್ನ ಅರ್ಧ ಡಿಸ್ಪ್ಯಾಚ್ ಮಾಡ್ತೀಯೇನೋ ನೀನು?"

ಶಿವರಾಜ್ ಕಂಪ್ರೆಸರಿನ ಹಾರ ಸರಿಮಾಡಲು ಹೋದ.

ಸ್ವತಃ ಕೊಟ್ರಪ್ಪನವರೇ ಟೇಬಲ್ಲಿನಿಂದ ಕೆಂಪು ಚೀಟಿ ತಂದು, ತಾರೀಖು ಬರೆದು, ಸಹಿ ಹಾಕಿ, ಟ್ಯಾಂಕಿನ ಮೂಲೆಗೆ ದಾರದಲ್ಲಿ ಕಟ್ಟಿದರು. "ಈಶಾನ್ಯದಾಗೆ ನೀರಿಲ್ಲದಿದ್ರೂ ನಡೀತತಿ. ಟೆಸ್ಟ್ ಆಗದ ಮಾಲು ನಡಿಯಂಗಿಲ್ಲ," ಎಂದರು, ತಮಗೆ ತಾವೇ. ಅಯ್ಯನವರು ಅದನ್ನೂ ಯಾವುದೋ ಹರಕೆಯ ಚೀಟಿ ಅಂದುಕೊಂಡರೋ ಏನೋ, ಭಕ್ತಿಯಿಂದ ಚೀಟಿಗೇ ಒಂದು ಕುಂಕುಮದ ಬೊಟ್ಟಿಟ್ಟರು. ಅಲ್ಲಿಂದ ಅಕ್ಷತೆ ಹಿಡಿದು ಮೀನಿನ ಡ್ರಮ್ಮಿನತ್ತ ಹೊರಟಾಗ ಸಿದ್ದಕ್ಕ ಸೆರಗು ಬಿಗಿದು ಅಡ್ಡ ನಿಂತಳು.

ಶುಕ್ರವಾರ ಸಂಜೆ ಕೊಟ್ರಪ್ಪನವರು ಗಾಜಿನ ಚೂರಿನ ಮೇಲಿನ ಗೆರೆಯನ್ನು ಇನ್ನೊಂದು ಕಡೆ ಕೊಯ್ದರು. ಒಳಗೂ ಹೊರಗೂ ಒಂದೇ ರಬ್ಬರು, ಹುಳಿ ವಾಸನೆ ಇಲ್ಲ. ಚೀಟಿ ಬಿಚ್ಚಿದರು. ನೀರು ತುಂಬಿಸಿ ಒಂದು ದಿನ ಬಿಟ್ಟು, ಕೆಳಗೆ ಹಾಸಿದ ಪೇಪರು ಒಣಗಿಯೇ ಇದೆ ಎಂದು ಖಾತ್ರಿ ಮಾಡಿಕೊಂಡು, ಆ ನೀರು ಚೆಲ್ಲಿ, ಕ್ಲೋರಿನ್ ಹಾರಿಹೋಗಲೆಂದು ಎರಡು ದಿನ ಹಿಡಿದಿಟ್ಟಿದ್ದ ನೀರು ಹಾಕಿದೆ.

ಭಾನುವಾರ ಮೀನು ಬಿಟ್ಟೆವು. ಮೊದಲು ಎಲ್ಲವೂ ಒಂದೇ ಮೂಲೆಯಲ್ಲಿ ಗುಂಪು ಸೇರಿ, ಬಾಡಿಗೆ ಮನೆ ನೋಡಲು ಬಂದವರಂತೆ ಅನುಮಾನದಿಂದ ನಿಂತವು. ಆಮೇಲೆ ಒಂದು ಮುಂದೆ ಬಂತು, ಅದರ ಹಿಂದೆ ಇನ್ನೆರಡು.

ಸೋಮವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಕೊಟ್ರಪ್ಪನವರು ಗಾಜಿನ ಮುಂದೆ ಬಗ್ಗಿದ್ದರು.

"ಎಷ್ಟು ಹಾಕಿದ್ಯೋ?"

"ಒಂಬತ್ತು ಸಾರ್. ಒಂಬತ್ತೂ ಚೆನ್ನಾಗಿವೆ."

"ತಡಿ, ನಾನ್ ನೋಡ್ತೀನಿ." ಬೆರಳು ಮಾಡಿ ಎಣಿಸತೊಡಗಿದರು. ಏಳಕ್ಕೆ ಬರುವಷ್ಟರಲ್ಲಿ ಮೊದಲನೆಯದು ಆ ತುದಿಯಿಂದ ಈ ತುದಿಗೆ ಬಂದಿತ್ತು. ಹತ್ತಾಯಿತು. ಅಳಿಸಿ ಮತ್ತೆ ಶುರುಮಾಡಿದರು, ಎಂಟಾಯಿತು.

"ನೆಟ್ಟಗೆ ನಿಂದರ್ರಲೇ," ಎಂದು ಮೀನುಗಳಿಗೆ ಗದರಿದರು.

ನಾನು ಕಾಳಿನ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತೆ. ಅವರು ಮೂರನೇ ಸಲ ಒಂದರಿಂದ ಶುರುಮಾಡಿದರು.