ಹೊಳೆಮ್ಮನ ಗದ್ದೆಗೆ ಬಿದ್ದ ಉಲ್ಕೆ

ಹದಿನಾಲ್ಕು ವರ್ಷ ಕೆಸರಲ್ಲಿ ನಿಂತು ಭತ್ತ ನೆಟ್ಟು ಹೊಳೆಮ್ಮನ ಕಾಲ್ಬೆರಳ ಸಂದಿಗಳು ಕೊಳೆತಿದ್ದವು. ಅರಿಷಿಣ ಹಚ್ಚಿದರೂ ಮಾಯುತ್ತಿರಲಿಲ್ಲ. ಆದರೆ ಪಹಣಿಯಲ್ಲಿ ಆ ಎರಡು ಎಕರೆಗೆ ‘ಸ್ವಂತ ಸಾಗುವಳಿ, ಮರಿಸ್ವಾಮಿ’ ಎಂದಿತ್ತು. ಮರಿಸ್ವಾಮಿ ಸಾಹುಕಾರರ ಕಾಲಿಗೆ ಕೆಸರು ತಾಗಿದ್ದನ್ನು ಕಂಡವರು ಕಂಪ್ಲಿ ಸುತ್ತ ಒಬ್ಬರೂ ಇಲ್ಲ.

ಉಳುವವರಿಗೇ ಭೂಮಿ ಎಂಬ ಕಾನೂನು ಬಂದಾಗ ಹೊಳೆಮ್ಮ ಹೊಸಪೇಟೆಯ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದಳು. ಸಾಕ್ಷಿ ಯಾರು ಎಂದು ಕೇಳಿದರು. ಊರವರೆಲ್ಲ ಸಾಹುಕಾರರ ಹೊಲ ಕೋರಿಗೆ ಮಾಡಿ, ಬೆಳೆದದ್ದರಲ್ಲಿ ಅರ್ಧ ಅವರ ಮನೆಗೆ ಹೊರುವವರೇ. ಯಾರು ಬಾಯಿ ಬಿಟ್ಟಾರು? ನಾನೂ ಬಿಡಲಿಲ್ಲ. ಅದಕ್ಕೆ ಈಗಲೂ ನನಗೆ ನಾಚಿಕೆಯಿದೆ. ಮುಂದಿನ ತಾರೀಕಿಗೆ ಸಾಕ್ಷಿ ತರದಿದ್ದರೆ ಅರ್ಜಿ ವಜಾ ಎಂದು ಕಳಿಸಿಬಿಟ್ಟರು.

ಅಷ್ಟರಲ್ಲಿ, ಒಂದು ಮಧ್ಯಾಹ್ನ, ಮೋಡವಿಲ್ಲದ ಆಕಾಶ ಗುಡುಗಿತು. ತೆಂಗಿನಕಾಯಿ ಗಾತ್ರದ ಕರಿಕಲ್ಲೊಂದು ಹೊಳೆಮ್ಮನ ಗದ್ದೆಗೆ ಬಿದ್ದು, ನಾಟಿ ಹಚ್ಚುತ್ತಿದ್ದವರ ಮುಖಕ್ಕೆಲ್ಲ ಕೆಸರು ಎರಚಿತು. ಸುದ್ದಿ ತಿಳಿದ ಸಾಹುಕಾರರು ಮೊದಲ ಸಲ ಧೋತರ ಎತ್ತಿ ಗದ್ದೆಗಿಳಿದರು.

“ನನ್ನ ಹೊಲದಾಗ ಬಿದ್ದದ್ದು ನಂದು!”

“ಆತು ಬಿಡ್ರಿ ಸಾವಕಾರ್ರ. ಹೊಲ ನಿಮ್ದು, ಕಲ್ಲು ನಿಮ್ದು, ಕೆಸರು ನಮ್ದು,” ಎಂದಳು ಹೊಳೆಮ್ಮ.

ಸಾಹುಕಾರರು ಕಲ್ಲನ್ನು ರೇಷ್ಮೆ ಶಲ್ಯದಲ್ಲಿ ಸುತ್ತಿ, ಪರದೇಶದ ಪ್ರವಾಸಿಗರಿಗೆ ತೋರಿಸಲು ಹಂಪಿಗೆ ಒಯ್ದರು. ಅಲ್ಲಿದ್ದ ಗಡ್ಡದ ಬಿಳಿಯನೊಬ್ಬ, ತನ್ನ ದೇಶದಲ್ಲಿ ಇಂಥ ಕಲ್ಲು ಹೊಲದ ಒಡೆಯನಿಗೇ ಸೇರುತ್ತದೆ, ಒಳ್ಳೆಯ ಬೆಲೆ ಕೊಟ್ಟು ಒಯ್ಯುತ್ತೇನೆ ಎಂದನಂತೆ. ಸಾಹುಕಾರರು ಕುಣಿಯುತ್ತಾ ಬಂದು ಊರಿಗೆಲ್ಲ ಸಾರಿದರು. ಸಾರಿದ್ದು ತಹಶೀಲ್ದಾರರ ಕಿವಿಗೂ ಬಿತ್ತು.

ಮೂರನೇ ದಿನ ಜೀಪು ಬಂತು. ಊರೆಲ್ಲ ಗದ್ದೆಯ ಬದುವಿನ ಮೇಲೆ ನೆರೆಯಿತು.

“ಆ ದೇಶದ ಕಾನೂನು ಆ ದೇಶಕ್ಕ,” ಎಂದರು ತಹಶೀಲ್ದಾರರು. “ಇಲ್ಲಿ ಉಲ್ಕೆ ಸರ್ಕಾರದ್ದು. ಹೊಲ ಸಾಗುವಳಿ ಮಾಡೋರು ಅದನ್ನ ಬಚ್ಚಿಟ್ಟು ಪರದೇಶಕ್ಕ ಮಾರಾಕ ನೋಡಿದ್ರ ಕೇಸು. ಈ ಹೊಲ ಯಾರ ಸಾಗುವಳಿ?”

ಸಾಹುಕಾರರ ಮುಖ ಇಂಗು ತಿಂದ ಮಂಗನಂತಾಯಿತು.

“ನನಗೇನು ಗೊತ್ತ್ರಿ ಸಾಹೇಬ್ರ? ಹದಿನಾಕು ವರ್ಷದಿಂದ ಈ ಹೊಲ ಹೊಳೆಮ್ಮನ ಕೋರಿಗೈತಿ. ಉಳಾಕಿ ಆಕಿ, ಬೆಳೆಯಾಕಿ ಆಕಿ. ಕಲ್ಲು ಬಿದ್ದರ ಆಕಿದ ಜವಾಬ್ದಾರಿ! ಇಟ್ಟಿರ್ರಿ ಅಂತ ನನ್ನ ಮನಿಗೆ ಆಕಿನೇ ತಂದುಕೊಟ್ಲು.”

ತಪ್ಪು ಅವಳ ತಲೆಗೆ ಬರಲಿ ಎಂದು ಅವರು ಬೆವರೊರೆಸಿಕೊಳ್ಳುತ್ತ, ಆ ಮಾತನ್ನು ಬರೆದ ಪಂಚನಾಮೆಗೆ ಸಹಿ ಹಾಕಿದರು.

“ಏನಮ್ಮ, ಇದು ಖರೇನಾ?” ಎಂದು ತಹಶೀಲ್ದಾರರು ಹೊಳೆಮ್ಮನನ್ನು ಕೇಳಿದರು.

“ಕಲ್ಲು ಎತ್ತಿಕೊಂಡು ಹೋದೋರು ಅವರ್ರಿ, ಊರ ನೋಡೈತಿ. ಹೊಲ ಉಳಾಕಿ ನಾನು ಅಂದದ್ದು ಮಾತ್ರ ಖರೇ. ಅದನ್ನ ಇನ್ನೊಮ್ಮೆ ಗಟ್ಟಿಯಾಗಿ ಓದ್ರಿ.”

ತಹಶೀಲ್ದಾರರು ಅವಳ ಮಾತನ್ನೂ ಬರೆದುಕೊಂಡು ಓದಿದರು. ಹೊಳೆಮ್ಮ ಹೆಬ್ಬೆಟ್ಟು ಒತ್ತಿದಳು. “ಇದರದೊಂದು ನಕಲು ಕೊಡ್ರಿ. ಮಂಡಳ್ಯಾಗ ಸಾಕ್ಷಿ ಕೇಳ್ಯಾರ.”

ಸಾಹುಕಾರರಿಗೆ ಆಗ ಹೊಳೆಯಿತು. “ಏ ಏ, ತಡೀರಿ! ಉಳಾವ ನಾನ!”

“ಹಂಗಾದ್ರ ಕಲ್ಲು ಬಚ್ಚಿಟ್ಟಾವರೂ ನೀವೇನು?” ಎಂದು ತಹಶೀಲ್ದಾರರು ಪೆನ್ನಿನ ಮುಚ್ಚಳ ಮತ್ತೆ ತೆಗೆದರು.

ಸಾಹುಕಾರರು ಪೆನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು. ಬದುವಿನ ಮೇಲಿದ್ದ, ನನ್ನಂತೆಯೇ ಕೋರಿಗೆ ಹೊಲ ಮಾಡುವ ಪಕ್ಕೀರಪ್ಪ ಮೊದಲು ನಕ್ಕ. ಆಮೇಲೆ ನಾವೆಲ್ಲ ನಕ್ಕೆವು. ಸಾಹುಕಾರರ ಎದುರು ನಕ್ಕದ್ದು ಅದೇ ಮೊದಲು, ನಕ್ಕರೂ ಯಾರೂ ಸಾಯಲಿಲ್ಲ.

ತಹಶೀಲ್ದಾರರು ಕಲ್ಲನ್ನು ವಶಕ್ಕೆ ತೆಗೆದುಕೊಂಡು ಆ ದಿನ ಕಂಪ್ಲಿಯ ಪ್ರವಾಸಿ ಮಂದಿರದಲ್ಲಿ ಉಳಿದರು. ಬೆಳಿಗ್ಗೆ ಬಾಗಿಲು ತೆಗೆದಾಗ ಅಂಗಳದಲ್ಲಿ ಹನ್ನೊಂದು ಜನ, ತಲೆಯ ಮೇಲೆ ಒಂದೊಂದು ಕಲ್ಲು ಹೊತ್ತು ನಿಂತಿದ್ದೆವು.

“ಇದೇನ್ರೋ ಇದು?”

“ನಮ್ಮ ಹೊಲದಾಗೂ ಬಿದ್ದಾವ್ರಿ ಸಾಹೇಬ್ರ,” ಎಂದ ಪಕ್ಕೀರಪ್ಪ.

ತಹಶೀಲ್ದಾರರು ಒಂದನ್ನು ಮುಟ್ಟಿ ನೋಡಿದರು. ಬೆರಳು ಕೆಂಪಾಯಿತು. “ಲೇ, ಇವು ಸೊಂಡೂರಿನ ಅದಿರು! ಲಾರಿಯಿಂದ ಉದುರಿದ್ವು!”

“ಹೌದ್ರಿ,” ಎಂದೆ ನಾನು. “ಎಲ್ಲಿಂದ ಬಿದ್ವು ಅನ್ನೋದು ಬ್ಯಾಡ್ರಿ. ಯಾರು ಉಳೋ ಹೊಲದಾಗ ಬಿದ್ವು, ಅಷ್ಟು ಬರಕೊಳ್ರಿ.”